ಮಾತ್ರೆ ಡಬ್ಬಿಗೊಂದು ಬೀಗ

ಮಕ್ಕಳೇ, ನಿಮ್ಮ ಮನೆಯಲ್ಲಿ ಮಾತ್ರೆಗಳನ್ನು ಎಲ್ಲಿ ಇಡುತ್ತಾರೆ, ಹೇಳಿ ನೋಡೋಣ. ಕೆಲವರ ಮನೆಯಲ್ಲಿ ಹಳೇ ಬಿಸ್ಕತ್ತಿನ ಡಬ್ಬಿ. ಕೆಲವರ ಮನೆಯಲ್ಲಿ ಫ್ರಿಜ್ಜಿನ ಮೇಲಿನ ಪ್ಲಾಸ್ಟಿಕ್ ಬುಟ್ಟಿ. ಇನ್ನು ಕೆಲವು ಕಡೆ ಅಜ್ಜಿಯ ದಿಂಬಿನ ಪಕ್ಕದ ಬಟ್ಟೆಚೀಲ, ಇಲ್ಲವೇ ತಾತನ ಕನ್ನಡಕದ ಹತ್ತಿರ ಇರುವ ಸ್ಟೀಲಿನ ಡಬ್ಬ. ಒಂದೊಂದು ಮನೆಯದು ಒಂದೊಂದು ಪದ್ಧತಿ. ಆದರೆ ಒಂದು ವಿಷಯದಲ್ಲಿ ಎಲ್ಲ ಮನೆಯೂ ಒಂದೇ. ಒಡವೆ ಇಡುವ ಬೀರುವಿಗೆ ಬೀಗ ಇರುತ್ತದೆ, ಮಾತ್ರೆ ಡಬ್ಬಿಗೆ ಇರುವುದಿಲ್ಲ.

ಈ ವಾರ ನಾನು ಹೇಳಹೊರಟಿರುವುದು ಅಮೆರಿಕದ ಒಂದು ಬೆಟ್ಟದ ಸೀಮೆಯ ಕತೆ. ಅಲ್ಲಿ ಇಂಥ ಬೀಗವಿಲ್ಲದ ಡಬ್ಬಿಗಳಿಂದ ಹೊರಬಿದ್ದ ಮಾತ್ರೆಗಳು ಎಷ್ಟೋ ಮನೆಗಳ ದೀಪ ಆರಿಸಿದವು. ಆಮೇಲೆ ಊರಿನವರೇ ಕೂತು ಲೆಕ್ಕ ಹಾಕಿದರು, ಬೀಗ ಹಾಕಿದರು, ಸಾವಿನ ಸಂಖ್ಯೆಯನ್ನು ಇಳಿಸಿದರು. ನಾನು ವೈದ್ಯನಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ತಿಪಟೂರು, ಅರಸೀಕೆರೆ, ಮೈಸೂರು ಎಂದು ಶಾಖೆಯಿಂದ ಶಾಖೆಗೆ ತಿರುಗಿ ನಿವೃತ್ತನಾದವನು. ಹಾಗಾಗಿ ಈ ಕತೆಯನ್ನು ನನಗೆ ಗೊತ್ತಿರುವ ಲೆಕ್ಕದ ದಾರಿಯಲ್ಲೇ ಹೇಳುತ್ತೇನೆ. ತಾತ ಅಜ್ಜಿಯರೇ, ನೀವೂ ಪಕ್ಕದಲ್ಲಿ ಕೂತು ಕೇಳಿ. ಇದು ನಿಮ್ಮ ಡಬ್ಬಿಯ ವಿಷಯ.

ಗಸಗಸೆಯ ಗಿಡದಿಂದ

ಹಬ್ಬದ ದಿನ ಗಸಗಸೆ ಪಾಯಸ ಕುಡಿದು ಕಣ್ಣು ಎಳೆಯುತ್ತಿದೆ ಎನ್ನುವವರನ್ನು ನೀವು ನೋಡಿರುತ್ತೀರಿ. ಆ ಗಸಗಸೆ ಬರುವ ಗಿಡದ್ದೇ ಈ ಕತೆ. ಅಡುಗೆಗೆ ಬಳಸುವ ಬೀಜದಿಂದ ಹೆದರಬೇಕಾದ್ದೇನೂ ಇಲ್ಲ. ಆದರೆ ಗಿಡದ ಹಸಿಕಾಯಿಯನ್ನು ಗೀರಿದರೆ ಹಾಲಿನಂಥ ರಸ ಒಸರುತ್ತದೆ. ಅದು ಒಣಗಿದರೆ ಅಫೀಮು. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಕೆಲವು ರೈತರು ಸರ್ಕಾರದ ಪರವಾನಗಿ ಪಡೆದು ಈ ಬೆಳೆ ಬೆಳೆಯುತ್ತಾರೆ. ಬೇರೆಯವರು ಬೆಳೆದರೆ ಅಪರಾಧ.

ಸುಮಾರು ಇನ್ನೂರು ವರ್ಷಗಳ ಹಿಂದೆ ಸೆರ್ಟ್ಯೂರ್ನರ್ ಎಂಬ ಜರ್ಮನಿಯ ಔಷಧ ತಯಾರಕ ಅಫೀಮಿನೊಳಗಿನ ಸಾರವನ್ನು ಬೇರ್ಪಡಿಸಿದ. ಗ್ರೀಕರ ಕನಸಿನ ದೇವತೆಯ ಹೆಸರಿನ ಮೇಲೆ ಅದಕ್ಕೆ ಮಾರ್ಫಿನ್ ಎಂದು ಹೆಸರು ಬಂತು. ನೋವು ಕಳೆಯುವುದರಲ್ಲಿ ಅದಕ್ಕೆ ಸಮನಾದ ಔಷಧಗಳು ಕಡಿಮೆ. ಅಫೀಮಿನಿಂದ ಬಂದ, ಅಥವಾ ಅದರಂತೆಯೇ ಕೆಲಸ ಮಾಡುವ ಈ ಔಷಧಗಳಿಗೆಲ್ಲ ಒಪಿಯಾಯ್ಡ್ ಎಂಬುದು ಮನೆತನದ ಹೆಸರು. ಮಾರ್ಫಿನ್, ಕೊಡೀನ್, ಟ್ರಮಡಾಲ್, ಫೆಂಟನಿಲ್ ಎಲ್ಲ ಆ ಮನೆಯವರೇ. ಮಾದಕವಸ್ತುವಾದ ಹೆರಾಯಿನ್ ಕೂಡ ಅದೇ ಮನೆಯ ದಾರಿ ತಪ್ಪಿದ ಮಗ.

ಈ ಔಷಧ ಅಂಟಿಕೊಳ್ಳುವ ರೀತಿಯನ್ನು ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ. ಅದು ನಾಳೆಯ ಆರಾಮವನ್ನು ಇವತ್ತೇ ಸಾಲ ಕೊಡುತ್ತದೆ. ಮೊದಮೊದಲು ಒಂದು ಮಾತ್ರೆಗೆ ನೋವು ಹೋಗುತ್ತದೆ, ಮನಸ್ಸೂ ಹಗುರ ಎನ್ನಿಸುತ್ತದೆ. ಕೆಲವು ವಾರಗಳಲ್ಲಿ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಅದೇ ಆರಾಮಕ್ಕೆ ಈಗ ಹೆಚ್ಚು ಬೇಕು. ನಿಲ್ಲಿಸಿದರೆ ಬೆವರು, ನಡುಕ, ವಾಂತಿ, ನಿದ್ದೆ ಬಾರದ ರಾತ್ರಿ. ಆಗ ಮನುಷ್ಯ ಸುಖಕ್ಕಾಗಿ ನುಂಗುವುದಿಲ್ಲ, ಬರೀ ಬಡ್ಡಿ ಕಟ್ಟಲು ನುಂಗುತ್ತಾನೆ. ಚಕ್ರಬಡ್ಡಿಯ ಸಾಲಕ್ಕೆ ಸಿಕ್ಕಿಬಿದ್ದವನನ್ನು ಕಂಡು ನಾವು ನಗುವುದಿಲ್ಲ, ಅಲ್ಲವೇ? ಇವರನ್ನು ಕಂಡೂ ನಗಬಾರದು. ಇದು ಕಾಯಿಲೆ. ಚಿಕಿತ್ಸೆಯಿಂದ ಹತೋಟಿಗೆ ಬರುವ ಕಾಯಿಲೆ.

ಇನ್ನೊಂದು ಅಪಾಯವಿದೆ. ನಾವು ನಿದ್ದೆಯಲ್ಲಿದ್ದರೂ ಉಸಿರಾಟ ತಾನಾಗಿ ನಡೆಯುವಂತೆ ಮೆದುಳಿನ ಒಂದು ಭಾಗ ನೋಡಿಕೊಳ್ಳುತ್ತದೆ. ಒಪಿಯಾಯ್ಡ್ ಮಿತಿ ಮೀರಿದರೆ ಆ ಕಾವಲುಗಾರನೂ ತೂಕಡಿಸುತ್ತಾನೆ. ಉಸಿರು ನಿಧಾನವಾಗಿ, ಇನ್ನೂ ನಿಧಾನವಾಗಿ, ನಿಂತೇಹೋಗುತ್ತದೆ. ಗದ್ದಲವಿಲ್ಲದ ಸಾವು. ಪಕ್ಕದ ಕೋಣೆಯಲ್ಲಿ ಇದ್ದವರಿಗೂ ಗೊರಕೆ ಹೊಡೆಯುತ್ತಿದ್ದಾನೆ ಎಂದೇ ಅನ್ನಿಸಬಹುದು.

ವಿಲ್ಕ್ಸ್ ಸೀಮೆಯಲ್ಲಿ ನಡೆದದ್ದು

1996ರಲ್ಲಿ ಅಮೆರಿಕದ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಇದು ಅಷ್ಟಾಗಿ ಅಂಟಿಕೊಳ್ಳುವುದಿಲ್ಲ ಎಂದು ವೈದ್ಯರನ್ನು ನಂಬಿಸಿ ಮಾರಲಾಯಿತು. 2007ರಲ್ಲಿ ಅದರ ಸಂಬಂಧದ ಕಂಪನಿ ಮತ್ತು ಮೂವರು ಹಿರಿಯ ಅಧಿಕಾರಿಗಳು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ಒಟ್ಟು 63 ಕೋಟಿ ಡಾಲರಿಗೂ ಮಿಕ್ಕ ಮೊತ್ತ ಕಟ್ಟಿದರು. ಆದರೆ ಅಷ್ಟು ಹೊತ್ತಿಗೆ ಆ ಮಾತ್ರೆಯೂ ಅದರ ಬಳಗದವೂ ದೇಶದ ಮನೆಮನೆಯ ಡಬ್ಬಿ ಸೇರಿಯಾಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ನಾರ್ತ್ ಕೆರೊಲಿನಾ ರಾಜ್ಯದ ಪಶ್ಚಿಮಕ್ಕೆ ಬ್ಲೂ ರಿಡ್ಜ್ ಬೆಟ್ಟಸಾಲಿದೆ. ಅದರ ತಪ್ಪಲಿನಲ್ಲಿರುವುದು ವಿಲ್ಕ್ಸ್ ಕೌಂಟಿ. ಕೌಂಟಿ ಎಂದರೆ ನಮ್ಮ ತಾಲ್ಲೂಕು ಇದ್ದ ಹಾಗೆ ಎಂದುಕೊಳ್ಳಿ. ಜನಸಂಖ್ಯೆ ಸುಮಾರು 70 ಸಾವಿರ. ಹಿಂದೆ ಈ ಸೀಮೆ ಕಳ್ಳಭಟ್ಟಿಗೆ ಹೆಸರುವಾಸಿ. ಸಾರಾಯಿ ತುಂಬಿದ ಕಾರನ್ನು ಬೆಟ್ಟದ ತಿರುವುಗಳಲ್ಲಿ ಪೊಲೀಸರಿಗೆ ಸಿಗದಂತೆ ಓಡಿಸುತ್ತಿದ್ದ ಚಾಲಕರೇ ಮುಂದೆ ಅಲ್ಲಿನ ಕಾರ್ ರೇಸಿನ ಹೀರೋಗಳಾದರು! ಉಳಿದಂತೆ ಮರದ ಕೆಲಸ, ಕೋಳಿ ಸಾಕಣೆ, ಕಾರ್ಖಾನೆಯ ದುಡಿಮೆ. ಬೆನ್ನು, ಮಂಡಿ, ಭುಜ ಸವೆಯುವ ಕೆಲಸಗಳು. ನೋವಿನ ಮಾತ್ರೆ ಬೇಕಾದವರು ಅಲ್ಲಿ ಬಹಳ ಮಂದಿ ಇದ್ದರು.

ಫ್ರೆಡ್ ಬ್ರೇಸನ್ ಎಂಬವರು ಅಲ್ಲಿ ಹಾಸ್ಪಿಸ್ ಸೇವೆಯಲ್ಲಿ ಚಾಪ್ಲೆನ್ ಆಗಿದ್ದರು. ಗುಣವಾಗದ ರೋಗಿಗಳನ್ನು ಕೊನೆಯ ದಿನಗಳಲ್ಲಿ ನೋವಿಲ್ಲದಂತೆ ನೋಡಿಕೊಳ್ಳುವುದು ಹಾಸ್ಪಿಸ್. ಆ ರೋಗಿಗಳ, ಮನೆಯವರ ಹತ್ತಿರ ಕೂತು ಧೈರ್ಯ ಹೇಳುವ ಪಾದ್ರಿ ಚಾಪ್ಲೆನ್. ಮನೆಮನೆಗೆ ಹೋಗುತ್ತಿದ್ದವರ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ರೋಗಿಗೆಂದು ಕೊಟ್ಟ ಮಾತ್ರೆಗಳು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ತೆಗೆದವರು ಹೊರಗಿನ ಕಳ್ಳರಲ್ಲ, ಮನೆಯವರೇ. ಕೆಲವರು ತಾವೇ ನುಂಗುತ್ತಿದ್ದರು, ಕೆಲವರು ಹಂಚುತ್ತಿದ್ದರು, ಕೆಲವರು ಮಾರುತ್ತಿದ್ದರು. ಹಾಸಿಗೆಯಲ್ಲಿ ಮಲಗಿದ ಹಿರಿಯರು ನೋವಿನಲ್ಲಿ, ಪಕ್ಕದ ಕೋಣೆಯ ಕಿರಿಯರು ಮತ್ತಿನಲ್ಲಿ.

ಬ್ರೇಸನ್ ಇದನ್ನು ಒಂದು ಮನೆಯ ಗುಟ್ಟು ಎಂದು ಬಿಡಲಿಲ್ಲ. ಊರಿನ ಲೆಕ್ಕ ತೆಗೆಸಿದರು. ನಬರುಣ್ ದಾಸ್‌ಗುಪ್ತ ಎಂಬ ರೋಗಹರಡುವಿಕೆಯ ತಜ್ಞರೂ ಸ್ಥಳೀಯ ವೈದ್ಯರೂ ಜೊತೆಗೂಡಿದರು. ಲೆಕ್ಕ ಎದುರಿಗೆ ಬಂದಾಗ ಎದೆ ನಡುಗುವಂತಿತ್ತು. 2009ರಲ್ಲಿ ವಿಲ್ಕ್ಸ್‌ನಲ್ಲಿ ಹೀಗೆ ಸತ್ತವರ ಪ್ರಮಾಣ ಒಂದು ಲಕ್ಷ ಜನಕ್ಕೆ 46.6. ಆ ಕೌಂಟಿಯ ಜನಸಂಖ್ಯೆಗೆ ಇಳಿಸಿ ನಾನೇ ಕೂತು ಗುಣಿಸಿ ನೋಡಿದೆ. ವರ್ಷಕ್ಕೆ ಮೂವತ್ತಕ್ಕೂ ಹೆಚ್ಚು ಜನ. ಅಂದರೆ ಹನ್ನೊಂದು ಹನ್ನೆರಡು ದಿನಕ್ಕೊಂದು ಹೆಣ.

ಇನ್ನೊಂದು ಅಂಕಿ ಮತ್ತೂ ಕಣ್ಣು ತೆರೆಸಿತು. 2008ರಲ್ಲಿ ಹೀಗೆ ಸತ್ತವರಲ್ಲಿ ನೂರಕ್ಕೆ 82 ಮಂದಿಗೆ ಒಪಿಯಾಯ್ಡ್ ಮಾತ್ರೆಯ ಚೀಟಿ ಸಿಕ್ಕಿದ್ದು ಅದೇ ಸೀಮೆಯ ವೈದ್ಯರಿಂದ. ವಿಷ ಗಡಿ ದಾಟಿ ಬಂದಿರಲಿಲ್ಲ. ಊರಿನ ಆಸ್ಪತ್ರೆಯಿಂದ, ಊರಿನ ಔಷಧ ಅಂಗಡಿಯಿಂದ, ಊರಿನ ಡಬ್ಬಿಗೆ ಬಂದಿತ್ತು.

ಒಬ್ಬೊಬ್ಬರಿಗೆ ಒಂದೊಂದು ಪಾಲು

2008ರಲ್ಲಿ ಅವರು ಪ್ರಾಜೆಕ್ಟ್ ಲಾಜರಸ್ ಎಂಬ ಕೆಲಸ ಶುರುಮಾಡಿದರು. ಲಾಜರಸ್ ಎಂದರೆ ಬೈಬಲಿನಲ್ಲಿ ಸತ್ತು, ಯೇಸುವಿನ ಕರೆಗೆ ಎದ್ದು ಬಂದವನ ಹೆಸರು. ಹೆಸರು ದೊಡ್ಡದು, ಕೆಲಸ ಮಾತ್ರ ಬಹಳ ಸಣ್ಣಸಣ್ಣದು. ಅದೇ ನನಗೆ ಹಿಡಿಸಿದ್ದು. ಯಾರೋ ಒಬ್ಬ ಧೀರ ಬಂದು ಊರು ಉಳಿಸಲಿಲ್ಲ. ಊರಿನ ಒಬ್ಬೊಬ್ಬರೂ ತಮ್ಮ ಪಾಲಿನ ಒಂದು ಕೆಲಸ ಮಾಡಿದರು.

ವೈದ್ಯರು ಚೀಟಿ ಬರೆಯುವ ಮೊದಲು ರಾಜ್ಯದ ದಾಖಲೆ ನೋಡತೊಡಗಿದರು. ಈ ರೋಗಿಗೆ ಬೇರೆ ಯಾರಾದರೂ ಇದೇ ಮಾತ್ರೆ ಬರೆದಿದ್ದಾರೆಯೇ ಎಂದು ಅದರಲ್ಲಿ ತಿಳಿಯುತ್ತದೆ. ಆಸ್ಪತ್ರೆಯ ತುರ್ತು ವಿಭಾಗದವರು ಇಂಥ ಮಾತ್ರೆ ಕೊಡಲು ಬಿಗಿಯಾದ ನಿಯಮ ಮಾಡಿಕೊಂಡರು. ಪೊಲೀಸರು ಉಳಿದ ಮಾತ್ರೆಗಳನ್ನು ತಂದು ಹಾಕಲು ಪೆಟ್ಟಿಗೆ ಇಟ್ಟರು. ಯಾರು, ಏನು, ಎತ್ತ ಎಂದು ಕೇಳುವುದಿಲ್ಲ, ತಂದು ಹಾಕಿ ಹೋಗುವುದಷ್ಟೇ. ಶಾಲೆಗಳಲ್ಲಿ, ಚರ್ಚುಗಳಲ್ಲಿ, ಕೆಲಸದ ಜಾಗಗಳಲ್ಲಿ ಮಾತುಕತೆ ನಡೆಯಿತು. ಜನರಿಗೆ ಹೇಳಿಕೊಟ್ಟದ್ದು ನಾಲ್ಕೇ ಪಾಠ: ಹೇಳಿದಷ್ಟೇ ನುಂಗು, ಬೀಗ ಹಾಕಿ ಇಡು, ಉಳಿದದ್ದನ್ನು ಸರಿಯಾಗಿ ತೊಲಗಿಸು, ಯಾರಿಗೂ ಹಂಚಬೇಡ.

ಬೀಗದ ಪಾಠ ಓದಿದಾಗ ನನಗೆ ನಮ್ಮ ಬ್ಯಾಂಕಿನ ತಿಜೋರಿ ನೆನಪಾಯಿತು. ಅದಕ್ಕೆ ಎರಡು ಬೀಗದಕೈ. ಒಂದು ಮ್ಯಾನೇಜರ ಹತ್ತಿರ, ಇನ್ನೊಂದು ಹೆಡ್ ಕ್ಯಾಷಿಯರ ಹತ್ತಿರ. ಇಬ್ಬರೂ ಬರದೆ ಬಾಗಿಲು ತೆರೆಯದು. ಹೊಸದಾಗಿ ಸೇರಿದ ಹುಡುಗನೊಬ್ಬ, ‘ಇದೇನು ಸಾರ್, ನಮ್ಮ ಮೇಲೆ ನಂಬಿಕೆ ಇಲ್ಲವೇ?’ ಎಂದು ಕೇಳಿದ್ದಕ್ಕೆ ನಮ್ಮ ಹೆಡ್ ಕ್ಯಾಷಿಯರು, ‘ನಂಬಿಕೆ ಇದೆ ಮರಿ. ನಿನ್ನ ಮೇಲೆ ಯಾವತ್ತೂ ಅನುಮಾನ ಬರದಿರಲಿ ಅಂತಲೇ ಎರಡು ಬೀಗ’ ಎಂದಿದ್ದರು. ಮನೆಯ ಮಾತ್ರೆಗೆ ಬೀಗ ಹಾಕುವುದೂ ಹಾಗೆಯೇ. ಮೊಮ್ಮಗ ಕಳ್ಳ ಎಂದು ಬೀಗವಲ್ಲ. ಮೊಮ್ಮಗ ಎಂದೂ ಆ ದಾರಿಗೆ ಬೀಳದಿರಲಿ ಎಂದು ಬೀಗ.

ಅವರು ಮಾಡಿದ ಇನ್ನೊಂದು ಕೆಲಸ ನಲಾಕ್ಸೋನ್ ಹಂಚಿದ್ದು. ಇದು 1961ರಷ್ಟು ಹಿಂದೆಯೇ ಕಂಡುಹಿಡಿದ ಔಷಧ. ನೀವು ಆಡುವ ಸಂಗೀತ ಕುರ್ಚಿ ಆಟ ನೆನೆಸಿಕೊಳ್ಳಿ. ಮೆದುಳಿನಲ್ಲಿರುವ ಕುರ್ಚಿಗಳ ಮೇಲೆ ಒಪಿಯಾಯ್ಡ್ ಕೂತು ಉಸಿರನ್ನು ನಿಲ್ಲಿಸುತ್ತಿರುತ್ತದೆ. ನಲಾಕ್ಸೋನ್ ಬಂದು ಅದನ್ನು ತಳ್ಳಿ ತಾನು ಕೂರುತ್ತದೆ. ಎರಡು ಮೂರು ನಿಮಿಷದಲ್ಲಿ ಉಸಿರು ಮರಳಬಹುದು. ಆದರೆ ಅದು ಬಹಳ ಹೊತ್ತು ಕೂರುವುದಿಲ್ಲ. ಅದು ಎದ್ದುಹೋದರೆ ಅಪಾಯ ಮತ್ತೆ ಬರಬಹುದು, ಆದ್ದರಿಂದ ಆಸ್ಪತ್ರೆಗೆ ಹೋಗಲೇಬೇಕು. ವಿಲ್ಕ್ಸ್‌ನ ವೈದ್ಯರು ಅಪಾಯ ಹೆಚ್ಚಿರುವ ರೋಗಿಗಳಿಗೆ ಮೂಗಿಗೆ ಸಿಂಪಡಿಸುವ ನಲಾಕ್ಸೋನ್ ಪೆಟ್ಟಿಗೆಯನ್ನೂ ಕೊಟ್ಟು, ಬಳಸುವುದನ್ನು ಕಲಿಸಿದರು. ಬೆಂಕಿ ಆರಿಸುವ ಮರಳಿನ ಬಕೆಟ್ಟು ಇಟ್ಟ ಹಾಗೆ. ಇಂಥ ಔಷಧ ಊರಿನ ಜನರ ಕೈಗೂ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಶಿಫಾರಸು ಮಾಡಿತು. 2023ರಿಂದ ಅಮೆರಿಕದಲ್ಲಿ ಚೀಟಿ ಇಲ್ಲದೆಯೂ ಅಂಗಡಿಯಲ್ಲಿ ಕೊಳ್ಳಬಹುದು.

ಫಲ ಏನಾಯಿತು? ಲಕ್ಷಕ್ಕೆ 46.6 ಇದ್ದದ್ದು ಮರುವರ್ಷ, 2010ರಲ್ಲಿ, 29ಕ್ಕೆ ಇಳಿಯಿತು. 2011ರ ಹೊತ್ತಿಗೆ 2009ಕ್ಕಿಂತ ನೂರಕ್ಕೆ 69ರಷ್ಟು ಕಡಿಮೆ. ಊರಿನ ವೈದ್ಯರ ಚೀಟಿಯ ಮಾತ್ರೆಯಿಂದ ಸತ್ತವರ ಪಾಲು 82ರಿಂದ 10ಕ್ಕೆ ಬಂತು. ಇಷ್ಟಾದರೂ ನಿಜವಾಗಿ ನೋವಿರುವವರಿಗೆ ಮಾತ್ರೆ ನಿಲ್ಲಿಸಲಿಲ್ಲ. ಮಾತ್ರೆಯನ್ನು ಶತ್ರು ಮಾಡಲಿಲ್ಲ, ಮಾತ್ರೆಯ ಲೆಕ್ಕ ಇಟ್ಟರು. ಇದೇ ಮಾದರಿಯನ್ನು ಮುಂದೆ ರಾಜ್ಯದ ಉಳಿದ ಕೌಂಟಿಗಳಿಗೂ ಒಯ್ದರು. 2010ರ ಸೆಪ್ಟೆಂಬರ್ 25ರಂದು ಇಡೀ ಅಮೆರಿಕದಲ್ಲಿ ಮೊದಲ ಬಾರಿಗೆ ಮನೆಯಲ್ಲಿ ಉಳಿದ ಮಾತ್ರೆ ಮರಳಿಸುವ ದಿನ ನಡೆಯಿತು. ಈಗಲೂ ವರ್ಷಕ್ಕೆ ಎರಡು ಸಲ ನಡೆಯುತ್ತದೆ.

ಲೆಕ್ಕದ ಪುಸ್ತಕದಲ್ಲಿ ಜಮಾ ಮಾತ್ರ ತೋರಿಸಿ ಖರ್ಚು ಮುಚ್ಚಿಡುವುದು ನನ್ನ ಜಾಯಮಾನವಲ್ಲ. ಆಮೇಲೆ ಅಮೆರಿಕಕ್ಕೆ ಕಳ್ಳದಾರಿಯಲ್ಲಿ ಫೆಂಟನಿಲ್ ಬಂತು. ಮಾರ್ಫಿನ್‌ಗಿಂತ ಹಲವು ಪಟ್ಟು ಬಲವಾದದ್ದು. ದೇಶದಲ್ಲಿ ಸಾವು ಮತ್ತೆ ಏರಿತು. 2022ರಲ್ಲಿ ಎಲ್ಲ ಬಗೆಯ ಮಾದಕವಸ್ತು, ಔಷಧ ಸೇರಿ ಮಿತಿಮೀರಿ ಸತ್ತವರು ಸುಮಾರು 1 ಲಕ್ಷ 8 ಸಾವಿರ. 2024ರಲ್ಲಿ ಅದು ಸುಮಾರು 80 ಸಾವಿರಕ್ಕೆ ಇಳಿದಿದೆ. ಒಮ್ಮೆ ಗೆದ್ದರೆ ಮುಗಿಯಿತು ಎನ್ನುವ ಆಟ ಇದಲ್ಲ. ಕ್ಯಾಷ್ ಟ್ಯಾಲಿ ಮಾಡಿದ ಹಾಗೆ, ದಿನ ಮುಗಿಯುವಾಗ ಮತ್ತೆ ಮತ್ತೆ ಎಣಿಸಬೇಕು.

ನಮ್ಮ ಕಡೆಯ ಮಾತು

‘ಅದು ಅಮೆರಿಕ, ನಮಗೇನು?’ ಎಂದು ಯಾರಾದರೂ ಕೇಳಿಯಾರು. ನಮ್ಮ ಕೇಂದ್ರ ಸರ್ಕಾರ ದೆಹಲಿಯ ಏಮ್ಸ್ ಸಂಸ್ಥೆಯಿಂದ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದವರ ಪೈಕಿ ಸುಮಾರು 2 ಕೋಟಿ 26 ಲಕ್ಷ ಭಾರತೀಯರು ಒಪಿಯಾಯ್ಡ್ ಬಳಸುತ್ತಿದ್ದರು. ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ಅದರಿಂದ ಹೊರಬರಲು ನೆರವು ಬೇಕಾಗಿತ್ತು. ಅಫೀಮು, ಹೆರಾಯಿನ್ ಮಾತ್ರವಲ್ಲ, ಔಷಧದ ರೂಪದಲ್ಲಿ ಸಿಗುವುದನ್ನೇ ಮತ್ತಿಗಾಗಿ ಬಳಸುವವರೂ ಹೆಚ್ಚುಕಡಿಮೆ ನೂರಕ್ಕೆ ಒಬ್ಬರಿದ್ದರು.

ನಮ್ಮಲ್ಲೂ ಲೆಕ್ಕದ ಕಟ್ಟುಪಾಡುಗಳಿವೆ. ಕೊಡೀನ್, ಟ್ರಮಡಾಲ್‌ನಂಥವು ಎಚ್1 ಎಂಬ ಪಟ್ಟಿಯಲ್ಲಿವೆ. 2014ರ ಮಾರ್ಚಿನಿಂದ ಈ ಪಟ್ಟಿಯ ಔಷಧ ಮಾರುವ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಔಷಧ, ಎಷ್ಟು ಎಂಬುದನ್ನು ಬೇರೆಯೇ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. 2018ರಲ್ಲಿ ಟ್ರಮಡಾಲ್ ಅನ್ನು ಮಾದಕವಸ್ತು ಕಾನೂನಿನಡಿಯೂ ತಂದರು. ‘ಏನು ಸಾಮಿ, ತಲೆನೋವಿನ ಮಾತ್ರೆಗೆಲ್ಲ ಚೀಟಿ ಕೇಳ್ತೀರಾ?’ ಎಂದು ಅಂಗಡಿಯ ಮುಂದೆ ರೇಗುವ ಮೊದಲು ಇದನ್ನು ನೆನೆಯೋಣ. ಚೀಟಿ ಕೇಳಿದ ಅಂಗಡಿಯವನು ಯಾರದೋ ಮನೆಯ ಮಗುವನ್ನು ಕಾಯುತ್ತಿರಬಹುದು.

ಆದರೆ ಹಿರಿಯರಿಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಇದನ್ನು ಓದಿ ವೈದ್ಯರು ಕೊಟ್ಟ ನೋವಿನ ಮಾತ್ರೆಗೆ ಹೆದರಿ ನೀವಾಗಿಯೇ ನಿಲ್ಲಿಸಬೇಡಿ. ನನ್ನ ಮನೆಯವರಿಗೆ ಕ್ಯಾನ್ಸರ್ ಮೂಳೆಗೆ ಇಳಿದಾಗ ಕೊನೆಯ ನಾಲ್ಕು ತಿಂಗಳು ಮಾರ್ಫಿನ್ ಮಾತ್ರೆ ಕೊಟ್ಟರು. ಅದಕ್ಕೂ ಮೊದಲು ಮಗ್ಗುಲು ತಿರುಗಿಸಿದರೂ ಕೂಗುತ್ತಿದ್ದವಳು, ಮಾತ್ರೆ ಶುರುವಾದ ಮೇಲೆ ಕಿಟಕಿಯ ಹತ್ತಿರ ಕೂತು ಮಲ್ಲಿಗೆ ಕಟ್ಟಿದಳು, ಮೊಮ್ಮಗಳಿಗೆ ಜಡೆ ಹೆಣೆದಳು. ಆ ನಾಲ್ಕು ತಿಂಗಳು ನಮಗೆ ಸಿಕ್ಕಿದ್ದು ಆ ಮಾತ್ರೆಯಿಂದ. ಅಫೀಮು ಬೆಳೆದು ಜಗತ್ತಿಗೆ ಔಷಧಕ್ಕೆ ಕೊಡುವ ನಮ್ಮ ದೇಶದಲ್ಲೇ, 1985ರ ಕಾನೂನಿನ ಬಿಗಿಯಿಂದ ಎಷ್ಟೋ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸಿಗದೆ ನರಳಿದ್ದುಂಟು. 2014ರ ತಿದ್ದುಪಡಿ ಆ ಗಂಟನ್ನು ಸ್ವಲ್ಪ ಸಡಿಲಿಸಿತು.

ಅವಳು ಹೋದ ಮೇಲೆ ಡಬ್ಬಿಯಲ್ಲಿ 26 ಮಾತ್ರೆ ಉಳಿದಿದ್ದವು. ಹನ್ನೆರಡನೆಯ ದಿನ ಕಳೆದ ಮೇಲೆ ಆ ಆಸ್ಪತ್ರೆಯ ನರ್ಸ್ ಮನೆಗೆ ಬಂದರು. ನನ್ನೆದುರಿಗೇ ಒಂದೊಂದಾಗಿ ಎಣಿಸಿದರು, ರಿಜಿಸ್ಟರಿನಲ್ಲಿ ಬರೆದರು, ನನ್ನ ಸಹಿ ತೆಗೆದುಕೊಂಡರು. ‘ಇದನ್ನು ಮನೆಯಲ್ಲಿ ಬಿಡಬಾರದು ಅಂಕಲ್’ ಎಂದಷ್ಟೇ ಹೇಳಿದರು. ಮೂವತ್ತೈದು ವರ್ಷ ಲೆಡ್ಜರುಗಳಿಗೆ ಸಹಿ ಹಾಕಿದ ಕೈ ಆವತ್ತು ಸ್ವಲ್ಪ ನಡುಗಿತು. ಆದರೆ ಆ ನರ್ಸಿನ ಎಣಿಕೆಯ ಬೆಲೆ ನನಗೆ ಪೂರ್ತಿ ಅರ್ಥವಾದದ್ದು ವಿಲ್ಕ್ಸ್ ಸೀಮೆಯ ಕತೆ ಓದಿದ ಮೇಲೆ.

ಚಾಡಿಯೋ, ನೆರವೋ?

ಮೊನ್ನೆ ಇದನ್ನೆಲ್ಲ ಎಂಟನೇ ತರಗತಿಯ ಮೊಮ್ಮಗಳಿಗೆ ಹೇಳುತ್ತಿದ್ದೆ. ಅವಳು ಸುಮ್ಮನೆ ಕೇಳಿ ಕೊನೆಗೆ, ‘ತಾತ, ಫ್ರೆಂಡ್ ಯಾರಾದರೂ ಹೀಗೆ ಮಾತ್ರೆ ತಗೊಳ್ತಿದ್ದು, ಯಾರಿಗೂ ಹೇಳಬೇಡ ಅಂದ್ರೆ? ಹೇಳಿದ್ರೆ ಚಾಡಿ ಆಗಲ್ವಾ?’ ಎಂದಳು.

ಒಳ್ಳೆಯ ಪ್ರಶ್ನೆ. ನಾನು ಹೇಳಿದೆ: ‘ಒಬ್ಬರನ್ನು ಕಷ್ಟಕ್ಕೆ ಸಿಕ್ಕಿಸಲು ಹೇಳುವುದು ಚಾಡಿ. ಕಷ್ಟದಿಂದ ಬಿಡಿಸಲು ಹೇಳುವುದು ನೆರವು. ಬಾವಿಗೆ ಬಿದ್ದವನು ಯಾರಿಗೂ ಹೇಳಬೇಡ ಅಂದರೆ ನೀನು ಸುಮ್ಮನಿರುತ್ತೀಯಾ?’

‘ಆಮೇಲೆ ಅವಳು ನನ್ನ ಹತ್ತಿರ ಮಾತು ಬಿಟ್ಟರೆ?’

‘ಬಿಡಬಹುದು. ಮಾತು ಬಿಟ್ಟ ಗೆಳತಿಯ ಜೊತೆ ಮುಂದೊಂದು ದಿನ ರಾಜಿಯಾಗಬಹುದು ಪುಟ್ಟೀ. ಅದಕ್ಕೆ ಅವಳು ಇರಬೇಕಲ್ಲ?’

ಅವಳು ಮತ್ತೇನೂ ಕೇಳಲಿಲ್ಲ. ಆದರೆ ಈ ಪ್ರಶ್ನೆ ದೊಡ್ಡವರ ಕಡೆಗೂ ತಿರುಗುತ್ತದೆ. ಮಗು ಬಂದು ಹೇಳಿದಾಗ ನಾವು ಏನು ಮಾಡುತ್ತೇವೆ? ‘ಅಂಥವರ ಸಹವಾಸ ಯಾಕೆ ಮಾಡಿದೆ?’ ಎಂದು ಬಯ್ದರೆ ಅದು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ. ಮನೆಯಲ್ಲೇ ಯಾರಾದರೂ ಚಟಕ್ಕೆ ಸಿಕ್ಕಿದ್ದರೆ ಮರ್ಯಾದೆ ಹೋಗುತ್ತದೆ ಎಂದು ಬಾಗಿಲು ಹಾಕಿಕೊಳ್ಳುತ್ತೇವೆ. ವಿಲ್ಕ್ಸ್‌ನವರು ಮೊದಲು ತೆರೆದದ್ದು ಆ ಬಾಗಿಲನ್ನು. ಮಾತ್ರೆಗೆ ಬೀಗ ಹಾಕಿದರು, ಬಾಯಿಯ ಬೀಗ ತೆಗೆದರು. ನಾವು ಬಹಳ ಸಲ ಇದರ ತಿರುಗುಮುರುಗು ಮಾಡುತ್ತೇವೆ. ಮಾತ್ರೆ ಬಯಲಲ್ಲಿ, ಮಾತು ಬೀಗದಲ್ಲಿ.

ಬಾಯಿ ಬಿಟ್ಟರೆ ಸಹಾಯ ಇದೆ. ಚಟ ಬಿಡಿಸುವ ನೆರವಿಗೆ ರಾಷ್ಟ್ರೀಯ ಸಹಾಯವಾಣಿ 14446, ಹಣ ಕೊಡಬೇಕಿಲ್ಲ. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಮಕ್ಕಳಿಗೇ ಎಂದು 1098. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗಾಗಿಯೇ ಒಂದು ಕೇಂದ್ರವಿದೆ. ಒಪಿಯಾಯ್ಡ್ ಚಟಕ್ಕೆ ಔಷಧವೂ ಇದೆ, ಸಲಹೆಯೂ ಇದೆ. ಮನೆಯಲ್ಲಿ ಕಟ್ಟಿಹಾಕಿ, ಬಯ್ದು, ಒಮ್ಮೆಲೇ ನಿಲ್ಲಿಸುವುದು ಚಿಕಿತ್ಸೆಯಲ್ಲ. ಕೆಲವು ದಿನ ಬಿಟ್ಟವರು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ, ಏಕೆಂದರೆ ಅಷ್ಟರಲ್ಲಿ ಮೈಯ ಒಗ್ಗುವಿಕೆ ಇಳಿದಿರುತ್ತದೆ.

ಮಕ್ಕಳೇ, ಯಾರಾದರೂ ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ತೀರ ನಿಧಾನ, ತುಟಿ ಉಗುರು ನೀಲಿ ಎಂದು ಕಂಡರೆ ‘ಮಲಗಿ ಸರಿಯಾಗಲಿ’ ಎಂದು ಬಿಡಬೇಡಿ. ದೊಡ್ಡವರನ್ನು ಕೂಗಿ, 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಲು ಹೇಳಿ. ಉಸಿರೇ ಇಲ್ಲದಿದ್ದರೆ ಏನು ಮಾಡಬೇಕೆಂದು ಫೋನಿನಲ್ಲಿ ಕೇಳಿ, ಹಾಗೆಯೇ ಮಾಡಿ. ಆಂಬುಲೆನ್ಸ್ ಬರುವ ತನಕ ಒಬ್ಬರನ್ನೇ ಬಿಡಬೇಡಿ. ಯಾವ ಮಾತ್ರೆ ಎಂದು ಗೊತ್ತಿದ್ದರೆ ಅದರ ಖಾಲಿ ಪಟ್ಟಿಯನ್ನು ಬಂದವರ ಕೈಗೆ ಕೊಡಿ.

ಈ ಭಾನುವಾರದ ಕೆಲಸ

ಇನ್ನು ಹೋಂವರ್ಕ್. ಇದು ತಾತ ಅಜ್ಜಿ ಮತ್ತು ಮೊಮ್ಮಕ್ಕಳು ಜೊತೆಯಾಗಿ ಮಾಡುವುದು. ಮನೆಯ ಮಾತ್ರೆಗಳನ್ನೆಲ್ಲ ಒಂದು ಮೊರಕ್ಕೆ ಸುರಿಯಿರಿ. ಅಜ್ಜಿಗೆ ಸಣ್ಣಕ್ಷರ ಕಾಣುವುದಿಲ್ಲ, ಮೊಮ್ಮಕ್ಕಳು ಹೆಸರು, ಅವಧಿ ಮುಗಿಯುವ ತಾರೀಖು ಓದಿ ಹೇಳಲಿ. ಯಾವುದು ಯಾರದು, ಯಾವುದಕ್ಕೆ ಎಂದು ಅಜ್ಜಿ ಹೇಳಲಿ. ಒಂದು ಹಳೇ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ಹೆಸರು, ಯಾರಿಗೆ, ಎಷ್ಟು ಇದೆ, ಯಾವಾಗ ಮುಗಿಯುತ್ತದೆ. ಮುಟ್ಟುವುದು, ಎಣಿಸುವುದು ದೊಡ್ಡವರ ಕೆಲಸ. ಓದುವುದು, ಬರೆಯುವುದು ಚಿಕ್ಕವರದು. ಕೆಲಸ ಮುಗಿದ ಮೇಲೆ ಎಲ್ಲರೂ ಕೈ ತೊಳೆಯಿರಿ.

ಅವಧಿ ಮುಗಿದವು, ಬೇಡವಾದವು ಬೇರೆ ಗುಡ್ಡೆ. ಹಲ್ಲು ಕಿತ್ತಾಗ, ಆಪರೇಷನ್ ಆದಾಗ ಕೊಟ್ಟ ಬಲವಾದ ನೋವಿನ ಮಾತ್ರೆ ಉಳಿದಿದ್ದರೆ, ‘ಯಾವುದಕ್ಕಾದರೂ ಬರುತ್ತೆ ಇರಲಿ’ ಎನ್ನಬೇಡಿ. ಪಕ್ಕದ ಮನೆಯವರ ಸೊಂಟನೋವಿಗೆ ಕೊಡಲೂ ಬೇಡಿ. ಕೊಟ್ಟ ಆಸ್ಪತ್ರೆಯನ್ನೋ ಔಷಧ ಅಂಗಡಿಯವರನ್ನೋ ಕೇಳಿ ಅವರು ಹೇಳಿದಂತೆ ತೊಲಗಿಸಿ. ಪಕ್ಕದ ಕೇರಳದಲ್ಲಿ ಮನೆಯ ಬೇಡದ ಔಷಧಗಳನ್ನು ಹಿಂದಕ್ಕೆ ಪಡೆಯುವ ಕೆಲಸವನ್ನು ಸರ್ಕಾರವೇ 2025ರಲ್ಲಿ ಕೋಳಿಕ್ಕೋಡಿನಿಂದ ಶುರುಮಾಡಿದೆ. ನಮ್ಮ ಬಡಾವಣೆಯ ಸಂಘದವರು, ಶಾಲೆಯವರು ಊರಿನ ಆಸ್ಪತ್ರೆಯ ಜೊತೆ ಮಾತಾಡಿದರೆ ವರ್ಷಕ್ಕೊಂದು ದಿನವಾದರೂ ಇಂಥ ಪೆಟ್ಟಿಗೆ ಇಡಿಸಲಾಗದೇ? ಜೂನ್ 26 ಮಾದಕವಸ್ತು ವಿರೋಧಿ ದಿನ. ಭಾಷಣದ ಜೊತೆಗೆ ಒಂದು ಪೆಟ್ಟಿಗೆಯೂ ಇದ್ದರೆ ಆ ದಿನಕ್ಕೊಂದು ಅರ್ಥ.

ಬೇಕಾದ ಮಾತ್ರೆಗಳನ್ನು ಡಬ್ಬಿಗೆ ತುಂಬಿ, ಬೀಗ ಹಾಕುವ ಜಾಗದಲ್ಲಿಡಿ. ದಿನದ ಮಾತ್ರೆ ಮಾತ್ರ ಹೊರಗಿರಲಿ. ಬೀಗದಕೈ ಎಲ್ಲಿದೆ ಎಂಬುದು ಮನೆಯ ಇಬ್ಬರು ದೊಡ್ಡವರಿಗೆ ಗೊತ್ತಿರಲಿ. ರಾತ್ರಿ ಅಜ್ಜಿಗೆ ಎದೆನೋವು ಬಂದಾಗ ಬೀಗದಕೈ ಹುಡುಕುವಂತೆ ಆಗಬಾರದು, ನೋಡಿ. ತಿಂಗಳಿಗೊಮ್ಮೆ ನೋಟ್‌ಬುಕ್ ತೆಗೆದು ಟ್ಯಾಲಿ ಮಾಡಿ. ಲೆಕ್ಕ ತಾಳೆಯಾಗದಿದ್ದರೆ ಗಲಾಟೆ ಬೇಡ, ಮೊದಲು ಮತ್ತೊಮ್ಮೆ ಎಣಿಸಿ. ಆಗಲೂ ಕಡಿಮೆ ಬಂದರೆ ಮನೆಯವರನ್ನೆಲ್ಲ ಕೂರಿಸಿಕೊಂಡು ಮೆಲುದನಿಯಲ್ಲಿ ಕೇಳಿ.

ನಿಮ್ಮ ಮೊರದಲ್ಲಿ ಎಷ್ಟು ಬಗೆಯ ಮಾತ್ರೆ ಸಿಕ್ಕವು, ಅದರಲ್ಲಿ ಅವಧಿ ಮುಗಿದವು ಎಷ್ಟು ಎಂದು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಮಾತ್ರೆಯ ಹೆಸರು ಬೇಡ, ಮನೆಯವರ ಹೆಸರೂ ಬೇಡ, ಸಂಖ್ಯೆ ಸಾಕು. ಬಂದ ಕಾರ್ಡುಗಳ ಮೊತ್ತವನ್ನು ನಾನು ಕೂಡಿಸಿ ಹೇಳುತ್ತೇನೆ. ಕೂಡುವ ಲೆಕ್ಕ ಇನ್ನೂ ಮರೆತಿಲ್ಲ.